ಎರಡೇ ಸಲ ತೊಳೆದ ಗಾಜು

ಇಪ್ಪತ್ತೆರಡು ವರ್ಷದಿಂದ ನಾನು ಪ್ರಯೋಗಾಲಯದಲ್ಲಿ ಗಾಜು ತೊಳೆಯುತ್ತಿದ್ದೇನೆ. ಸಾಬೂನು ನೀರಿನಲ್ಲಿ ಬ್ರಷ್ ಆಡಿಸಿ, ನಲ್ಲಿಯ ಕೆಳಗೆ ಹಿಡಿದು, ಕೊನೆಗೆ ಬಟ್ಟಿ ಇಳಿಸಿದ ನೀರಿನಲ್ಲಿ ಆರು ಸಲ ಜಾಲಿಸಬೇಕು. ಐದಲ್ಲ, ಆರು. ಇದರಲ್ಲೇನು ಮಹಾ ಎನ್ನುವವರನ್ನು ಒಂದು ದಿನ ನನ್ನ ಸಿಂಕಿನ ಮುಂದೆ ನಿಲ್ಲಿಸಿದರೆ ಸಾಕು, ಸಂಜೆಯೊಳಗೆ ಬಾಯಿ ಮುಚ್ಚಿಕೊಳ್ಳುತ್ತಾರೆ.

ನಮ್ಮ ಮುಖ್ಯಸ್ಥರು ಮೇಡಂ. ಅವರ ಕೈಕೆಳಗಿನ ಸಂಶೋಧಕನಿಗೆ ಉಂಗುರ ಅಂತ ಹೆಸರಿಟ್ಟವಳು ನಾನೇ. ನಲವತ್ತಾದರೂ ಅವನ ಬೆರಳಿಗೆ ಉಂಗುರ ಬಿದ್ದಿಲ್ಲ, ಬಾಯಲ್ಲಿ ಮಾತ್ರ ಬೆಳಗಿನಿಂದ ಅದೇ ಮಾತು. ಅವನ ಉಂಗುರವೆಂದರೆ ಒಂದು ಅಣು. ಸಕ್ಕರೆಯ ತುಣುಕುಗಳು ಕೈ ಕೈ ಹಿಡಿದು ದುಂಡಗೆ ನಿಂತಿರುತ್ತವೆ, ನಡುವೆ ಟೊಳ್ಳು. ಆ ಟೊಳ್ಳಿನಲ್ಲಿ ಔಷಧದ ಅಣುವನ್ನು ಕೂರಿಸಿ, ಲೋಳೆಯಂಥ ಪಟ್ಟಿಯೊಳಗೆ ಸೇರಿಸಿ, ಗಾಯದ ಮೇಲೆ ಇಡುವುದು. ಔಷಧವನ್ನು ಅಲ್ಲಿ ಯಾರೂ ಕಟ್ಟಿಹಾಕಿರುವುದಿಲ್ಲ. ಗಾಯದಲ್ಲಿ ಅದು ಮೆಲ್ಲಗೆ ಎದ್ದು ಬಂದು ರೋಗಾಣುಗಳನ್ನು ಕೊಲ್ಲಬೇಕು. ಆದರೆ ಎರಡು ವರ್ಷದಿಂದ ಕೂತ ಔಷಧ ಏಳುತ್ತಲೇ ಇರಲಿಲ್ಲ.

ಕಳೆದ ತಿಂಗಳು ಎದ್ದಿತು. ರೋಗಾಣು ಬೆಳೆಸಿದ ತಟ್ಟೆಯಲ್ಲಿ, ಪಟ್ಟಿ ಇಟ್ಟ ಕಡೆ ಸುತ್ತಲೂ ಚೊಕ್ಕವಾದ ಬಯಲು. ಮೂರು ಸಲ ಮಾಡಿದರೂ ಅದೇ. ಹತ್ತು ಜನ ರೋಗಿಗಳ ಮೇಲೆ ಪರೀಕ್ಷಿಸಲು ಒಪ್ಪಿಗೆ ಮೊದಲೇ ಸಿಕ್ಕಿತ್ತು, ಈ ಫಲಿತಾಂಶವೊಂದೇ ಬಾಕಿ ಇತ್ತು. ಆ ಹತ್ತು ಜನರಲ್ಲಿ ನನ್ನ ತಮ್ಮನೂ ಒಬ್ಬ.

ತಮ್ಮ ದರ್ಜಿ. ಬರಿಗಾಲಲ್ಲಿ ಮೆಷಿನ್ ತುಳಿಯುವವನು. ಮುರಿದ ಸೂಜಿಯೊಂದು ಕಾಲಿನ ಹೆಬ್ಬೆರಳಿಗೆ ಹೊಕ್ಕಿತ್ತು. ಸಕ್ಕರೆ ಕಾಯಿಲೆಯ ಕಾಲು, ನೋವೂ ಗೊತ್ತಾಗಲಿಲ್ಲ. ಗಾಯ ಕೀವಾಗಿ, ಬೆರಳು ತೆಗೆಯಬೇಕೆಂದು ಸರ್ಜನ್ ಹೇಳಿದಾಗ ಅವನು ಸುತರಾಂ ಒಪ್ಪಲಿಲ್ಲ.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಸಾರ್? ನಮ್ಮಕ್ಕನ ಪಟ್ಟಿ ಬರ್ತಿದೆ. ಮೂರು ವಾರ ನೋಡೋಣ."

ನನ್ನ ಪಟ್ಟಿಯಂತೆ! ಅಂಗಡಿಗೆ ಬಂದವರಿಗೆಲ್ಲ ಹಾಗೆಯೇ ಹೇಳುತ್ತಿದ್ದ. ನನಗೂ ಒಳಗೊಳಗೆ ಹೆಮ್ಮೆ.

ಪಟ್ಟಿಗಳು ಆಸ್ಪತ್ರೆಗೆ ಹೋಗುವ ವಾರ, ಕಳೆದ ತಿಂಗಳು ತೊಳೆದಿಟ್ಟು ಬಳಸದೆ ಸ್ಟ್ಯಾಂಡಿನಲ್ಲಿ ಉಳಿದಿದ್ದ ಕೊಳವೆಯೊಂದರಲ್ಲಿ ಧೂಳು ಕಂಡಿತು. ನೀರು ಹಾಕಿ ಕುಲುಕಿದೆ. ನೊರೆ ಬಂತು.

ಕಳೆದ ತಿಂಗಳು ನೀರು ಬಟ್ಟಿ ಇಳಿಸುವ ಯಂತ್ರ ಒಂಬತ್ತು ದಿನ ಕೆಟ್ಟಿತ್ತು. ಉಂಗುರನ ಕೆಲಸ ನಿಲ್ಲಬಾರದೆಂದು, ಕ್ಯಾನಿನಲ್ಲಿದ್ದ ನೀರನ್ನೇ ಉಳಿಸಿ ಉಳಿಸಿ ಎರಡೇ ಸಲ ಜಾಲಿಸಿದ್ದೆ. ಯಾರಿಗೂ ಹೇಳಿರಲಿಲ್ಲ. ಔಷಧ ಎದ್ದ ಆ ಮೂರು ಪ್ರಯೋಗವೂ ಆ ಗಾಜಿನಲ್ಲೇ ಆಗಿದ್ದವು. ಸಾಬೂನಿನ ಅಣುವಿಗೆ ಉದ್ದ ಬಾಲ. ಟೊಳ್ಳು ಕಂಡರೆ ನುಗ್ಗುತ್ತದೆ, ಕೂತವರನ್ನು ಎಬ್ಬಿಸಿ ತಾನು ಕೂರುತ್ತದೆ. ಇದನ್ನು ನನಗೆ ಹೇಳಿಕೊಟ್ಟವನು ಉಂಗುರನೇ. ಅಂದರೆ ಔಷಧ ತಾನಾಗಿ ಎದ್ದಿರಲಿಲ್ಲ, ಸಾಬೂನು ಎಬ್ಬಿಸಿತ್ತು. ಆಸ್ಪತ್ರೆಗೆ ಹೊರಟಿದ್ದ ಪಟ್ಟಿಗಳೋ, ಯಂತ್ರ ಸರಿಯಾದ ಮೇಲೆ ಆರು ಸಲ ತೊಳೆದ ಗಾಜಿನಲ್ಲಿ ತಯಾರಾದವು. ಅವು ತಮ್ಮನ ಗಾಯದ ಮೇಲೆ ಮೂರು ವಾರ ಸುಮ್ಮನೆ ಕೂತಿರುತ್ತವೆ, ಅಷ್ಟೇ.

ಆ ದಿನ ನಾನು ಬಾಯಿ ಬಿಡಲಿಲ್ಲ. ಹೆದರಿಕೆ, ಬೇರೇನಲ್ಲ. ಮರುದಿನ ಬೆಳಗ್ಗೆ ಮೇಡಂ ಸಿಂಕಿನ ಹತ್ತಿರ ಬಂದು, "ಗಾಜೆಲ್ಲ ಸರಿಯಾಗಿದೆ ತಾನೆ?" ಎಂದು ಮಾಮೂಲಿನಂತೆ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಎಲ್ಲವನ್ನೂ ಹೇಳಿಬಿಟ್ಟೆ.

ಪಕ್ಕದ ಮೇಜಿನಿಂದ ಉಂಗುರ ಎದ್ದು ಬಂದ. "ನೀರಿಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ ಅಕ್ಕ?"

"ನಿಮ್ಮ ಕೆಲಸ ನಿಲ್ಲಬಾರದು ಅಂತ..."

"ಈಗ ನಿಂತಿತಲ್ಲ."

ಚೊಕ್ಕ ಗಾಜಿನಲ್ಲಿ ಮತ್ತೆ ಮಾಡಿ ನೋಡಿದರು. ತಟ್ಟೆಯ ತುಂಬ ರೋಗಾಣು, ಪಟ್ಟಿಯ ಅಂಚಿನವರೆಗೂ. ಮೇಡಂ ಆಸ್ಪತ್ರೆಗೆ ಫೋನ್ ಮಾಡಿ ಪರೀಕ್ಷೆ ನಿಲ್ಲಿಸಿದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ.

ತಮ್ಮನಿಗೆ ನಾನೇ ಹೋಗಿ ಹೇಳಿದೆ. ಅವನು ಕತ್ತರಿ ಕೆಳಗಿಟ್ಟು, "ಸರಿ, ನೀನಿನ್ನು ಹೋಗು," ಎಂದ. ನಾಲ್ಕು ದಿನದ ಮೇಲೆ ಆಪರೇಷನ್ ಆಯಿತು. ಒಂದಲ್ಲ, ಎರಡು ಬೆರಳು ಹೋದವು. ಕೀವು ಮೂಳೆಗೆ ಇಳಿದಿತ್ತು, ಇನ್ನೂ ಮೂರು ವಾರ ಬಿಟ್ಟಿದ್ದರೆ ಪಾದವೇ ಉಳಿಯುತ್ತಿರಲಿಲ್ಲ ಎಂದು ಸರ್ಜನ್ ಅವನ ಎದುರಿಗೇ ಹೇಳಿದರು. ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಮನೆಗೆ ಬಂದ ಮೇಲೂ ನನ್ನೊಡನೆ ಮಾತಿಲ್ಲ. ಅವನ ಹೆಂಡತಿಗೆ ಗಾಯ ನೋಡಲು ಧೈರ್ಯವಿಲ್ಲದ್ದರಿಂದ ಬ್ಯಾಂಡೇಜ್ ಬದಲಿಸಲು ದಿನವೂ ಸಂಜೆ ನಾನೇ ಹೋಗುತ್ತಿದ್ದೆ. ಆರನೆಯ ದಿನ ಅವನು ಬಾಯಿ ಬಿಟ್ಟ.

"ನೀನು ಹೇಳಿದ್ದೇ ಒಳ್ಳೇದಾಯ್ತು, ನನಗೆ ಗೊತ್ತು. ಆದರೂ ಸುಮ್ಮನಿದ್ದಿದ್ರೆ ಮೂರು ವಾರ ಆಸೆಯಲ್ಲಾದ್ರೂ ಇರ್ತಿದ್ದೆ ಅಕ್ಕ."

ನನಗೆ ಅಳು ಬಂತು, ಅವನ ಮುಂದೆಯೇ ಅತ್ತೆ. ಅವನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನಾನು ಹತ್ತಿ ತೆಗೆದುಕೊಂಡು, ಬೆರಳಿಲ್ಲದ ಜಾಗವನ್ನು ಒರೆಸಿದೆ.