ಎಡಗಡೆ ಸೀಟಿನ ಬೆಲ್ಟು

ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಷನ್ ಮಾಡುತ್ತೇನೆ. ಕೂದಲೆಳೆಯಷ್ಟು ಅಳತೆ ತಪ್ಪಿದ ಬಿಡಿಭಾಗವನ್ನು ಸ್ಕ್ರ್ಯಾಪ್ ಡಬ್ಬಿಗೆ ಎಸೆಯುವುದು ನನ್ನ ಕೆಲಸ. ಸಂಜೆ ಕೈ ತೊಳೆದುಕೊಂಡು ಹೊರಗೆ ಬಂದು ಹದಿನೇಳು ವರ್ಷದ ಹಳೆಯ ಕಾರು ಹತ್ತುತ್ತೇನೆ. ಅದರಲ್ಲಿ ಸ್ಕ್ರ್ಯಾಪಿಗೆ ಹೋಗದ ಭಾಗ ಯಾವುದೆಂದು ಹುಡುಕಬೇಕು.

ಅದರ ದೊಡ್ಡ ರೋಗ ಎಡಗಡೆ ಸೀಟಿನ ಬೆಲ್ಟು. ಹಾಕುವಾಗ ಸಲೀಸು. ತೆಗೆಯುವಾಗ ಕೆಂಪು ಗುಂಡಿ ಎಷ್ಟು ಒತ್ತಿದರೂ ಬಿಡುವುದಿಲ್ಲ. ಬೆಲ್ಟಿನ ಕಬ್ಬಿಣದ ನಾಲಗೆಯನ್ನು ಮೊದಲು ಹೆಬ್ಬೆರಳಿನಿಂದ ಕೆಳಕ್ಕೆ ಅದುಮಿ, ಹಾಗೇ ಹಿಡಿದು ಗುಂಡಿ ಒತ್ತಿದರೆ ಟಕ್ ಎಂದು ಬಿಡುತ್ತದೆ. ಬಕಲ್ ಬದಲಾಯಿಸಬೇಕೆಂದು ಮೂರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಆ ಸೀಟಿನಲ್ಲಿ ಕೂರುವವಳು ನನ್ನ ಹೆಂಡತಿ ಶಿವಬಸವ್ವ. ಊರು ಮುಟ್ಟಿದ ಮೇಲೆ, "ನಿಮ್ಮ ಗಾಡಿ, ನೀವ ಬಿಡಸ್ರಿ" ಎಂದು ಕೈಕಟ್ಟಿ ಕೂತುಬಿಡುತ್ತಾಳೆ. ಪ್ರತಿ ಸಲ ನಾನೇ ಬಾಗಿ ಬಿಡಿಸಬೇಕು.

ಅವಳ ತವರು ಖಾನಾಪುರ. ಒಂಬತ್ತು ವರ್ಷದ ಹಿಂದೆ ಅವಳ ತಮ್ಮ ಭರಮಣ್ಣ ಅಲ್ಲಿ ಹೊಸ ಮನೆ ಕಟ್ಟಿ ವಾಸ್ತುಶಾಂತಿ ಮಾಡಿದ. ಆ ದಿನ ಮೊದಲು ಉಡಿ ತುಂಬಿದ್ದು ಭರಮಣ್ಣನ ಹೆಂಡತಿ ಮಾಲಾಳ ಅಕ್ಕನಿಗೆ. ಮನೆಮಗಳಾದ ಇವಳಿಗೆ ಎರಡನೆಯದು. ಅದೇ ಅಕ್ಕಿ, ಅದೇ ಕೊಬ್ಬರಿ ಬಟ್ಟಲು, ಅದೇ ಖಣ. ಎರಡನ್ನೂ ನೋಡಿದೆ, ಒಂದರಲ್ಲೂ ಕೊರತೆ ಇರಲಿಲ್ಲ. ಇವಳು ತುಂಬಿದ ಉಡಿ ಹಿಡಿದುಕೊಂಡೇ ಎದ್ದು ನಿಂತು, "ಇನ್ನ ಈ ಮನಿ ಹೊಸ್ತಿಲಾ ತುಳದ್ರ ನಾ ಬಾಳವ್ವನ ಮಗಳ ಅಲ್ಲ" ಅಂದಳು. ಬಾಳವ್ವ ಎಂದರೆ ಅವಳ ತಾಯಿ. ಅಲ್ಲೇ ಚಾಪೆಯ ಮೇಲೆ ಕೂತಿದ್ದಳು. ಅವಳ ಅಭಿಪ್ರಾಯ ಯಾರೂ ಕೇಳಲಿಲ್ಲ.

ಆಮೇಲೆ ತಿಂಗಳಿಗೊಮ್ಮೆ ಬಾಳವ್ವನೇ ಬಸ್ಸು ಹತ್ತಿ ಸದಾಶಿವನಗರದ ನಮ್ಮ ಮನೆಗೆ ಬಂದು ಮಗಳನ್ನು ನೋಡಿಕೊಂಡು ಹೋಗುತ್ತಿದ್ದಳು. ಈ ವರ್ಷ ಮಳೆಗಾಲದ ಮೊದಲಿಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಅಂದಿನಿಂದ ಮಂಚವೇ ಗತಿ. ನಾವು ಪ್ರತಿ ರವಿವಾರ ಹೋಗತೊಡಗಿದೆವು. ಕಾರು ಗೇಟಿನ ಹತ್ತಿರ ನಿಲ್ಲುತ್ತಿತ್ತು. ನಾನು ಹೋಳಿಗೆ ಡಬ್ಬಿ ಹಿಡಿದು ಒಳಗೆ ಹೋಗುತ್ತಿದ್ದೆ. ಇವಳು ಬೆಲ್ಟು ಹಾಕಿಕೊಂಡೇ ನೆಟ್ಟಗೆ ರಸ್ತೆ ನೋಡುತ್ತ ಕೂತಿರುತ್ತಿದ್ದಳು. ಹೊರಗೆ ಬಂದಮೇಲೆ ಬೆಳಗಾವಿ ಮುಟ್ಟುವ ತನಕ ಪ್ರಶ್ನೆ. ಮಾರಿ ಹೆಂಗೈತಿ, ಉಂಡಳೇನು, ಕೂದಲಾ ಯಾರ ಬಾಚ್ಯಾರ? ನಾನು ರಿಪೋರ್ಟು ಕೊಡುತ್ತಿದ್ದೆ.

ಐದನೇ ರವಿವಾರ ಬಾಳವ್ವ ಹೋಳಿಗೆಗೆ ಬಾಯಿ ತೆರೆಯಲಿಲ್ಲ. ಎರಡು ದಿನದಿಂದ ಏನೂ ತಿಂದಿಲ್ಲವೆಂದು ಮಾಲಾ ಹೇಳಿದಳು. ಮುದುಕಿ ನನ್ನ ಕೈ ಹಿಡಿದಳು.

"ಆಕಿ ಬಂದಾಳೇನ್ರಿ ಅಳಿಯಾರ?"

"ಬಂದಾಳ್ರಿ. ಗಾಡ್ಯಾಗ ಅದಾಳ."

"ಗಾಡಿ ಎಷ್ಟ ದೂರ ಐತಿ?"

"ಇಪ್ಪತ್ತ ಹೆಜ್ಜಿ ಇರಬೇಕ್ರಿ."

ಬಾಳವ್ವ ಕಣ್ಣು ಮುಚ್ಚಿದಳು. ಮುಂದಿನ ರವಿವಾರಕ್ಕೆ ಈಕೆ ಇರುವುದಿಲ್ಲ ಎಂದು ನನಗೆ ಅನ್ನಿಸಿತು, ಹೆದರಿಕೆಯಾಯಿತು. ಸಿಟ್ಟೂ ಬಂತು. ಯಾರ ಮೇಲೆ ಎಂದು ಆರಿಸಲು ಹೋಗಲಿಲ್ಲ, ಎಲ್ಲರ ಮೇಲೂ ಬಂತು.

ಹೊರಗೆ ಬಂದಾಗ ಶಿವಬಸವ್ವ, "ಬೆಲ್ಟ್ ಬಿಡಸ್ರಿ. ಕಾಲ ಜೋಮ ಹಿಡದೈತಿ, ಒಂದೀಟ ನಿಂದರ್ತೀನಿ" ಅಂದಳು. ನಾನು ಬಾಗಿ ಗುಂಡಿ ಒತ್ತಿದೆ. ಬರೀ ಗುಂಡಿ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡಿದ್ದೆ.

"ಬಿಡವಲ್ದು."

"ಖರೇನ?"

"ಖರೇನ. ಪೂರಾ ಸಿಕ್ಕೊಂಡೈತಿ."

ಮೂವತ್ತು ವರ್ಷದ ಸಂಸಾರದಲ್ಲಿ ಇಷ್ಟು ನೆಟ್ಟಗೆ ನಿಂತು ಸುಳ್ಳು ಹೇಳಿದ್ದು ಇದೇ ಮೊದಲು. ಭರಮಣ್ಣನನ್ನು ಕೂಗಿದೆ. ಅವನದು ಟ್ರ್ಯಾಕ್ಟರ್ ರಿಪೇರಿ ಅಂಗಡಿ. ಬಂದವನು ಬಕಲ್ ನೋಡಿದ, ನನ್ನ ಮುಖ ನೋಡಿದ, ಆಕಾಶ ನೋಡಿದ. ಹಿಂದೆಯೇ ಬಂದ ಮಾಲಾ ಕತ್ತರಿ ತರಲೇ ಎಂದು ಕೇಳಿದಳು.

"ಬ್ಯಾಡ" ಎಂದಳು ಶಿವಬಸವ್ವ ಗಡಬಡಿಸಿ. "ಛಲೋ ಬೆಲ್ಟ್ ಐತಿ."

"ಬಕಲ್ ಬೋಲ್ಟ್ ಸೀಟಿನ ಅಡಿಗಿ ಐತ್ರಿ ಮಾವಾರ" ಎಂದ ಭರಮಣ್ಣ. "ಸೀಟ್ ತಗದಽ ಬಿಚ್ಚಬೇಕು."

ಪಾನಾ ತಂದು ಅಕ್ಕನ ಕಾಲಬುಡದಲ್ಲಿ ಕೂತ. ತುಕ್ಕು ಹಿಡಿದ ನಾಲ್ಕು ಬೋಲ್ಟು. ಅವಳು ಫೋಟೋ ತೆಗೆಸಿಕೊಳ್ಳುವವಳಂತೆ ಎದುರಿಗೆ ನೋಡುತ್ತಿದ್ದಳು. ಒಂಬತ್ತು ವರ್ಷದ ಮೇಲೆ ಅಕ್ಕ ತಮ್ಮಂದಿರ ಮೊದಲ ಮಾತು ನಡೆಯಿತು.

"ಅಕ್ಕಾ, ಕಾಲ ಎತ್ತ."

ಎತ್ತಿದಳು.

"ಇಳಸ."

ಇಳಿಸಿದಳು.

ಬೆಲ್ಟಿನ ಕೆಳತುದಿ ಸೀಟಿಗೇ ಇತ್ತು. ಬಾಗಿಲ ಕಂಬದಲ್ಲಿದ್ದ, ಬೆಲ್ಟು ಸುತ್ತಿಕೊಳ್ಳುವ ಸುರುಳಿಯ ಡಬ್ಬಿಯನ್ನೂ ಬಿಚ್ಚಿ ಅವಳ ಮಡಿಲಲ್ಲಿಟ್ಟ. ಡಬ್ಬಿ ಓರೆಯಾದದ್ದೇ ತಡ, ಬೆಲ್ಟು ಮತ್ತಷ್ಟು ಬಿಗಿಯಿತು. ಅಷ್ಟರಲ್ಲಿ ಜಾಂಬೋಟಿ ಕಡೆಯಿಂದ ಮಳೆ ಬಂತು.

"ಒಳಗ ಒಯ್ಯೂಣು" ಎಂದ ಭರಮಣ್ಣ.

"ನಾ ಆ ಹೊಸ್ತಿಲಾ ತುಳಿಯಂಗಿಲ್ಲ."

"ತುಳೀಬ್ಯಾಡ. ಕುಂತ ಇರ."

ಅವಳು ಯೋಚಿಸಿದಳು. ತಪ್ಪು ಸಿಗಲಿಲ್ಲವೆಂದು ಕಾಣುತ್ತದೆ. ನಾವಿಬ್ಬರೂ ಆ ಕಡೆ ಈ ಕಡೆ ಹಿಡಿದು ಸೀಟನ್ನು ಎತ್ತಿದೆವು. ಅವಳ ತೂಕ ನನಗೆ ಗೊತ್ತಿತ್ತು, ಸೀಟಿನದು ಗೊತ್ತಿರಲಿಲ್ಲ. ಮಾಲಾ ನಾದಿನಿಗೆ ಕೊಡೆ ಹಿಡಿದಳು, ನಾವು ತೊಯ್ದೆವು. ಏನಾಯಿತೆಂದು ಬಾಜೂ ಮನೆಯವರು ಮರಾಠಿಯಲ್ಲಿ ಕೇಳಿದ್ದಕ್ಕೆ, ಏನಿಲ್ಲ, ನಾದಿನಿ ಬಂದಿದ್ದಾರೆ ಎಂದು ಮಾಲಾ ಅದೇ ಭಾಷೆಯಲ್ಲಿ ಹೇಳಿದಳು. ಹೊಸ್ತಿಲು ಬಂದಾಗ ಶಿವಬಸವ್ವ ಎರಡೂ ಕಾಲನ್ನು ಬೇಕಾದ್ದಕ್ಕಿಂತ ಮೇಲೆ ಎತ್ತಿ ಹಿಡಿದಳು.

ಮಂಚದ ಬದಿಗೆ ಸೀಟು ಇಳಿಸಿದೆವು. ನನ್ನ ಯೋಜನೆ ಇದ್ದದ್ದು ಇಲ್ಲಿಯ ತನಕ ಮಾತ್ರ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿದರೆ ಮುಂದಿನದು ತಾನೇ ಆಗುತ್ತದೆ ಎಂದುಕೊಂಡಿದ್ದೆ.

ಬಾಳವ್ವ ಕಣ್ಣು ತೆರೆದಳು. ಇಬ್ಬರು ಗಂಡಸರು ಹೊತ್ತು ತಂದ ಕುರ್ಚಿ, ಎದೆಗೆ ಕಟ್ಟಿದ ಪಟ್ಟಿ, ಮೇಲೆತ್ತಿ ಹಿಡಿದ ಕಾಲು ಎಲ್ಲ ನೋಡಿದಳು. ಅವಳ ಬಾಯಿ ನಡುಗಿತು.

"ಯವ್ವಾ, ನಿನ್ನ ಕಾಲಿಗೇನಾತ? ಅದಕ್ಕ ಗಾಡಿ ಇಳೀತಿದ್ದಿಲ್ಲೇನ? ನಾ ಸಿಟ್ಟ ಅಂದ್ಕೊಂಡಿದ್ನಲ್ಲ. ಎಲ್ಲಾರೂ ಕೂಡಿ ನನ್ನ ಮುಂದ ಮುಚ್ಚಿಟ್ರೇನ?"

ಎಂದವಳೇ ಮುರಿದ ಸೊಂಟದ ಮೇಲೆ ಏಳಲು ಹೋದಳು.

"ಏಳಬ್ಯಾಡ ಯವ್ವಾ!" ಎಂದು ಚೀರಿದಳು ಶಿವಬಸವ್ವ. ಅವಳ ಹೆಬ್ಬೆರಳು ಬೆಲ್ಟಿನ ನಾಲಗೆಯನ್ನು ಅದುಮಿತು, ಬೆರಳು ಗುಂಡಿ ಒತ್ತಿತು, ಟಕ್ ಎಂದಿತು. ಅಷ್ಟು ಬೇಗ ನಾನು ಒಂದು ಸಲವೂ ಬಿಡಿಸಿಲ್ಲ. ಭರಮಣ್ಣ ಕೈಯಲ್ಲಿದ್ದ ಪಾನಾವನ್ನು ತಿರುಗಿಸಿ ತಿರುಗಿಸಿ ನೋಡತೊಡಗಿದ.

ಅವಳು ಆಗಲೇ ತಾಯಿಯ ಹೆಗಲು ಹಿಡಿದು ಮಲಗಿಸುತ್ತಿದ್ದಳು. "ನೋಡ, ನೆಟ್ಟಗದಾವು. ಏನೂ ಆಗಿಲ್ಲ. ನಂದ ತಪ್ಪ ಯವ್ವಾ" ಎಂದು ಬಿಕ್ಕುತ್ತ, ಸೀರೆ ತುಸು ಎತ್ತಿ ಎರಡೂ ಪಾದ ತೋರಿಸಿದಳು.

"ನಡದ ತೋರ್ಸ."

ಅಡುಗೆಮನೆಯ ತನಕ ಹೋಗಿ ಬಂದಳು.

"ಅಲ್ಲೀತನಕ" ಎಂದು ಬಾಳವ್ವ ತಲಬಾಗಿಲಿಗೆ ಕೈ ಮಾಡಿದಳು. ಶಿವಬಸವ್ವ ಹೋದಳು. ಹೊಸ್ತಿಲು ದಾಟಿ ಮಳೆಯಲ್ಲಿ ನಿಂತಳು, ತಿರುಗಿ ದಾಟಿ ಒಳಗೆ ಬಂದಳು.

ಕಾಲು ಸರಿಯಿರುವುದು ಬಾಳವ್ವನಿಗೆ ಆಗಲೇ ಗೊತ್ತಾಗಿತ್ತು. ಬಾಯಿ ನಡುಗುವುದೂ ನಿಂತಿತ್ತು. ಆದರೂ ದಿಂಬಿಗೆ ತಲೆ ಆನಿಸಿ, "ಇನ್ನೊಮ್ಮಿ ಬಾ" ಅಂದಳು.