ಎಡಗೈ ಮುಷ್ಟಿ

ಎರಡು ವರ್ಷ ಮೇಲಿಂದ ಮೇಲೆ ನನ್ನ ಬಾಣ ಬಾಳೆಕಂಬಕ್ಕೆ ತಾಗಲಿಲ್ಲ. ಮೂರನೆಯ ವರ್ಷವೂ ತಪ್ಪಿದರೆ ನಮ್ಮ ಮನೆಯ ಬಿಲ್ಲು, ಆ ಬಿಲ್ಲಿನ ಹೆಸರಿನಲ್ಲಿ ನಾವು ಉಣ್ಣುತ್ತಿದ್ದ ನಾಲ್ಕೆಕರೆ ಎರೆಹೊಲ, ಎರಡೂ ನನ್ನ ದಾಯಾದಿ ದೊಡ್ಡಬಸಪ್ಪನ ಮನೆಗೆ ಹೋಗುತ್ತಿದ್ದವು. ಊರಿನ ಕಟ್ಟಳೆ ಹಾಗಿತ್ತು. ಆ ಹೊಲ ಬಿಟ್ಟರೆ ನಮಗೆ ಬೇರೆ ನೆಲವಿರಲಿಲ್ಲ. ಮನೆಯಲ್ಲಿ ಐದು ಬಾಯಿ.

ನಮ್ಮದು ಕುರುಗೋಡಿನ ಪಕ್ಕದ ಸಣ್ಣ ಊರು, ನಾವು ಬೇಡರು. ವಿಜಯದಶಮಿಯ ಸಂಜೆ ಬನ್ನಿಗಿಡದ ಮುಂದೆ ಬಾಳೆಕಂಬ ನೆಡುತ್ತಾರೆ. ನಲವತ್ತು ಹೆಜ್ಜೆ ದೂರದಿಂದ ನಮ್ಮ ಮನೆಯವನು ಅದಕ್ಕೆ ಬಾಣ ನಾಟಿಸಬೇಕು, ಆಮೇಲೆಯೇ ಊರವರು ಬನ್ನಿ ಹಂಚಿಕೊಳ್ಳುವುದು. ತಪ್ಪಿದರೆ ಗೌಡರು ಕತ್ತಿಯಿಂದ ಬಾಳೆ ಕಡಿದು ಶಾಸ್ತ್ರ ಮುಗಿಸುತ್ತಾರೆ. ಎರಡು ವರ್ಷ ಆ ಕತ್ತಿಯ ಸದ್ದು ಕೇಳಿಕೊಂಡು ತಲೆ ತಗ್ಗಿಸಿ ನಿಂತವನು ನಾನು.

ಇನ್ನೊಂದು ಕಟ್ಟಳೆಯೂ ಇತ್ತು. ಬಾಣ ಬಿಡುವಾಗ ಬಿಲ್ಲು ನೆಲಕ್ಕೆ ಬೀಳಬಾರದು. ಬಿದ್ದರೆ ಮೂರು ವರ್ಷದ ಗಡುವೂ ಇಲ್ಲ, ಅಲ್ಲಿಗೇ ಮುಗಿಯಿತು. ಬಿಲ್ಲನ್ನು ದಾರದಿಂದ ಕೈಗೆ ಕಟ್ಟಿಕೊಳ್ಳುವಂತೆಯೂ ಇಲ್ಲ. ಅದಕ್ಕೇ ನನ್ನಪ್ಪ ದುರುಗಣ್ಣ ನನಗೆ ಏಳು ವರ್ಷವಿದ್ದಾಗ ಬಿಲ್ಲು ಕೈಗೆ ಕೊಟ್ಟು ಮೊದಲು ಕಲಿಸಿದ್ದು ಮುಷ್ಟಿ ಬಿಗಿಯುವುದನ್ನು. ಜಾರಿದರೆ ಹುಣಸೆ ಬರಲಿನ ಏಟು. ಬೆರಳು ಬೆಳ್ಳಗಾಗುವವರೆಗೆ ಹಿಸುಕಿ ಹಿಡಿಯುವುದೇ ನನಗೆ ಅಭ್ಯಾಸವಾಯಿತು. ಬದುಕಿರುವವರೆಗೂ ಕಂಬಕ್ಕೆ ಬಾಣ ಬಿಟ್ಟವನು ಅಪ್ಪನೇ, ಒಮ್ಮೆಯೂ ತಪ್ಪಲಿಲ್ಲ. ಸ್ವಾತಂತ್ರ್ಯ ಬಂದ ವರ್ಷ ಅವನು ತೀರಿಕೊಂಡ. ಮರುವರ್ಷದಿಂದ ಬಿಲ್ಲು ನನ್ನ ಕೊರಳಿಗೆ ಬಿತ್ತು.

ನಾನು ಸುಮ್ಮನೆ ತಪ್ಪೊಪ್ಪಿಕೊಳ್ಳುವ ಜಾತಿಯಲ್ಲ. ಮೊದಲ ವರ್ಷ ಗಾಳಿಯನ್ನು ಬೈದೆ. ಆಮೇಲೆ ಬಾಣದ ಗರಿಯನ್ನು, ಬಿಲ್ಲಿನ ಬಿದಿರನ್ನು, ದೊಡ್ಡಬಸಪ್ಪನ ಕೆಟ್ಟ ಕಣ್ಣನ್ನು. ಎರಡನೆಯ ವರ್ಷ ಹೆಂಡತಿ ಜಡೆಮ್ಮ ನಾನು ಹೊರಡುವಾಗ ಖಾಲಿ ಕೊಡ ಹಿಡಿದು ಎದುರು ಬಂದಳೆಂದು ಮನೆಗೆ ಬಂದು ಗಂಗಾಳ ಎತ್ತಿ ಒಗೆದೆ. ಅವಳು ಚೆಲ್ಲಿದ ಅನ್ನ ಬಳಿದು ತೆಗೆದಳು. ಬಾಣವಂತೂ ಎರಡೂ ಸಲ ಕಂಬದ ಎಡಕ್ಕೇ ಹೋಗಿತ್ತು, ಗಾಳಿ ಯಾವ ಕಡೆಯಿಂದ ಬೀಸಿದರೂ.

ಮೂರನೆಯ ವರ್ಷದ ಮುಂಗಾರಿಗೆ ದೊಡ್ಡಬಸಪ್ಪ ನಮ್ಮ ಹೊಲದ ಬದುವಿನ ಮೇಲೆ ನಿಂತು ಮಣ್ಣು ಹಿಡಿದು ಉಜ್ಜಿ ನೋಡುತ್ತಿದ್ದ. ಕೇಳಿದರೆ, ಇಲ್ಲಿ ಹತ್ತಿ ಚೆನ್ನಾಗಿ ಬರುತ್ತದೆ, ನೀನು ಸುಮ್ಮನೆ ಜೋಳ ಹಾಕುತ್ತೀ ಎಂದ. ಮರುದಿನವೇ ಬಳ್ಳಾರಿಗೆ ಹೋದೆ. ಬ್ರೂಸ್‌ಪೇಟೆಯಲ್ಲಿ ಹತ್ತಿ ಹಿಂಜುವವರು ತಮ್ಮ ಬಿಲ್ಲಿಗೆ ಕಟ್ಟುವ ನರದ ಹುರಿ ಮಾರುವ ಅಂಗಡಿಯಿತ್ತು. ನಾನೂ ಹಿಂಜುವವನೆಂದೇ ತಿಳಿದ ಅಂಗಡಿಯ ಸಾಹೇಬರು ಗಾದಿಗೋ ದಿಂಬಿಗೋ ಎಂದು ಕೇಳಿದರು. ಹುರಿ ಕೊಂಡು ತಂದೆ. ಬಿಲ್ಲಿಗೆ ಹೊಸ ಹೆದೆ ಕಟ್ಟಿ ಬಿಟ್ಟೆ. ಬಾಣ ಮೊದಲಿಗಿಂತ ಜೋರಾಗಿ ಎಡಕ್ಕೆ ಹೋಯಿತು.

ಆಷಾಢ ಕಳೆಯಿತು. ಊಟ ಸೇರುತ್ತಿರಲಿಲ್ಲ. ಹೊಲಕ್ಕೆ ಹೋದರೆ ಜೋಳದ ಪೈರು ನೋಡಲಾಗದೆ ಹಿಂತಿರುಗುತ್ತಿದ್ದೆ. ಕೊನೆಗೆ ನಾಚಿಕೆ ಬಿಟ್ಟು ಸಿರುಗುಪ್ಪಕ್ಕೆ ಹೋದೆ, ನನ್ನ ಸೋದರಮಾವ ಕೆಂಚಣ್ಣನ ಹತ್ತಿರ. ಅಪ್ಪನೂ ಅವನೂ ಒಟ್ಟಿಗೆ ಬೇಟೆಯಾಡಿದವರು. ಅವನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಬಿಲ್ಲು ಹಿಡಿದು ತೋರಿಸು ಎಂದ. ಹಿಡಿದೆ. ಸಾಕು, ಇಡು, ಅಂಗೈ ತೋರಿಸು ಎಂದ. ತೋರಿಸಿದೆ. ನನ್ನ ಬೆರಳುಗಳ ಉದ್ದಕ್ಕೂ ಜಡ್ಡುಗಟ್ಟಿತ್ತು.

“ಜಡ್ಡು ಇಲ್ಲಿರಬಾರದೋ,” ಎಂದು ಮಾವ ಬಲಗೈಯಿಂದ ನನ್ನ ಹೆಬ್ಬೆರಳ ಬುಡ ಒತ್ತಿದ. “ಇಲ್ಲಿರಬೇಕು. ಬಿಲ್ಲನ್ನ ಹಿಡೀಬ್ಯಾಡ, ನೂಕು. ನೀ ಹಿಸುಕಿದ್ರ ಅದು ಕೈಯಾಗ ತಿರುಗತೈತಿ, ಬಾಣ ಎಡಕ್ಕ ಹೊಕ್ಕೈತಿ.”

ಅಪ್ಪ ಹೇಳಿದ್ದು ಬಿಗಿಯಾಗಿ ಹಿಡಿ ಎಂದಲ್ಲವೇ ಎಂದೆ, ಸಿಟ್ಟಿನಿಂದ.

“ಸಣ್ಣ ಹುಡುಗ್ರಿಗೆ ಹಂಗ ಹೇಳತೀವಿ, ಬೀಳಿಸಬಾರದಂತ. ಕೈ ಬಲಿತ ಮ್ಯಾಲೆ ಬಿಡಸ್ತೀವಿ. ನಿಮ್ಮಪ್ಪ ಬಿಡಸಾಕ ಮರ್ತಾನ.”

ಇಪ್ಪತ್ತೈದು ವರ್ಷ ಅಪ್ಪನ ಪಕ್ಕದಲ್ಲೇ ಬದುಕಿದ್ದೆ. ಇಷ್ಟು ಮಾತು ಹೇಳಲು ಅವನಿಗೆ ಒಂದು ದಿನ ಸಿಗಲಿಲ್ಲವಲ್ಲ ಎಂದು ಬಸ್ಸಿನಲ್ಲಿ ಕೂತು ಅತ್ತೆ. ಎದುರಿನ ಸೀಟಿನ ಹೆಂಗಸು ಯಾರು ತೀರಿಕೊಂಡರು ಎಂದು ಕೇಳಿದಳು.

ತಿಳಿದದ್ದೇನೋ ತಿಳಿಯಿತು, ಕೈ ಕೇಳಬೇಕಲ್ಲ. ಸಡಿಲ ಮಾಡಿದರೆ ಬಿಲ್ಲು ಬೀಳುತ್ತಿತ್ತು, ಬಿಗಿ ಮಾಡಿದರೆ ಬಾಣ ಎಡಕ್ಕೆ ಹೋಗುತ್ತಿತ್ತು. ಹತ್ತು ದಿನ ಹಿತ್ತಲಲ್ಲಿ ಇದೇ ಪಾಡು. ಒಂದು ಬೆಳಿಗ್ಗೆ ಬಿಲ್ಲನ್ನು ಗೋಡೆಗೆ ಒರಗಿಸಿ ಕುಸಿದು ಕೂತಿದ್ದೆ. ಜೋಳ ಬೀಸುತ್ತಿದ್ದ ಜಡೆಮ್ಮ ಕಲ್ಲು ನಿಲ್ಲಿಸಿ, ಮಾವ ಏನು ಹೇಳಿದ ಎಂದು ಕೇಳಿದಳು. ಹೇಳಿದೆ. ಅವಳು ತನ್ನ ಅಂಗೈ ಚಾಚಿದಳು. ಮಾವ ಒತ್ತಿ ತೋರಿಸಿದ ಜಾಗದಲ್ಲೇ ಜಡ್ಡು, ನಾಣ್ಯದಷ್ಟು ಅಗಲ.

“ಗೂಟಾನ ಹಿಸುಕಿದ್ರ ಕಲ್ಲು ತಿರುಗತೈತೇನ್ರಿ? ಅಂಗೈಯಿಂದ ನೂಕಬೇಕು. ಬೆರಳು ಸುಮ್ಕ ಸುತ್ತಿರಬೇಕು, ಕೈ ಬಿಟ್ಟು ಹೋಗಲಾರದಂಗ,” ಎಂದಳು.

ಗಂಡಸು ಬೀಸುವ ಕಲ್ಲಿನ ಮುಂದೆ ಕೂರುವುದೇ? ಕೂತೆ. ಒಂದೂವರೆ ತಿಂಗಳು ದಿನಾ ಬೆಳಿಗ್ಗೆ ಎಡಗೈಯಿಂದ ಮನೆಮಂದಿಗೆಲ್ಲ ಜೋಳ ಬೀಸಿದೆ. ನಾನು ಗೂಟ ಹಿಸುಕಿದಾಗೆಲ್ಲ ಕಲ್ಲು ತೊಡರುತ್ತಿತ್ತು, ಜಡೆಮ್ಮ ನನ್ನ ಬೆರಳ ಮೇಲೆ ಮೆಲ್ಲಗೆ ತಟ್ಟುತ್ತಿದ್ದಳು. ಊರಿಗೆ ಸುದ್ದಿ ಹಬ್ಬಿತು. ಮಡಿಲು ತುಂಬುವುದು ಯಾವಾಗ ಎಂದು ದೊಡ್ಡಬಸಪ್ಪ ಕಟ್ಟೆಯ ಮೇಲೆ ಕೂತು ಕೇಳಿದ. ಹಲ್ಲು ಕಚ್ಚಿಕೊಂಡು ದಾಟಿ ಹೋದೆ. ಆಮೇಲೆ ಬಿಲ್ಲು ಎತ್ತಿಕೊಂಡು ಗುಡ್ಡದ ಹಿಂದೆ ಹೋಗಿ ಬಿಟ್ಟೆ. ನವರಾತ್ರಿ ಬರುವ ಹೊತ್ತಿಗೆ ಹತ್ತಕ್ಕೆ ಒಂಬತ್ತು ನಾಟುತ್ತಿದ್ದವು. ಬಿಲ್ಲು ಒಮ್ಮೆಯೂ ಬೀಳಲಿಲ್ಲ.

ಹಬ್ಬದ ಬೆಳಿಗ್ಗೆ ಬಿಲ್ಲು ತೊಳೆದು, ಅರಿಸಿನ ಕುಂಕುಮ ಇಟ್ಟು, ಹೊಸ ಬಟ್ಟೆಯಲ್ಲಿ ಸುತ್ತುವುದು ಮನೆಯ ಹೆಂಗಸಿನ ಕೆಲಸ. ಸುತ್ತಿದ ಮೇಲೆ ಬನ್ನಿಗಿಡದ ಹತ್ತಿರವೇ ಬಿಚ್ಚಬೇಕು, ನಡುವೆ ಯಾರೂ ಮುಟ್ಟುವಂತಿಲ್ಲ. ಜಡೆಮ್ಮ ಎರಡು ದಿನ ಉಪವಾಸವಿದ್ದಳು. ನಾನೂ ಏನೂ ತಿಂದಿರಲಿಲ್ಲ.

ಸಂಜೆ ನಲವತ್ತು ಹೆಜ್ಜೆಯ ಗೆರೆಯ ಮೇಲೆ ನಿಂತು ಬಿಲ್ಲಿನ ಬಟ್ಟೆ ಬಿಚ್ಚಿದೆ. ಬಿಲ್ಲಿನ ನಡುವಿಗೆ ಕೈ ಇಟ್ಟ ತಕ್ಷಣ ಬೆರಳು ಜಾರಿತು. ಎಣ್ಣೆ. ಅಲ್ಲಿ ಇಲ್ಲಿ ತಾಗಿದ್ದಲ್ಲ, ನಾನು ಹಿಡಿಯುವ ಜಾಗಕ್ಕೇ ಉಜ್ಜಿ ಉಜ್ಜಿ ಹಚ್ಚಿದ್ದ ಎಣ್ಣೆ. ದೀಪದ ಬತ್ತಿಯ ವಾಸನೆಯಿತ್ತು. ಜಡೆಮ್ಮ ಹರಕೆ ಹೊರುವ ಸುಂಕಲಮ್ಮ ದೇವಿಯ ಗುಡಿಯ ದೀಪದ್ದು ಎಂದು ಕೂಡಲೇ ಗೊತ್ತಾಯಿತು. ತಲೆ ಎತ್ತಿದರೆ ಹೆಂಗಸರ ಗುಂಪಿನಲ್ಲಿ ಜಡೆಮ್ಮ ಕೈಮುಗಿದು ನಿಂತಿದ್ದಳು, ನನ್ನನ್ನೇ ನೋಡುತ್ತಿದ್ದಳು.

ಒರೆಸಿಕೊಳ್ಳಬಹುದಿತ್ತು. ದೇವಿಯ ಎಣ್ಣೆಯನ್ನು ಇಡೀ ಊರಿನ ಮುಂದೆ ಧೋತರಕ್ಕೆ ಒರೆಸುವುದು ನನ್ನಿಂದಾಗಲಿಲ್ಲ. ಮುಷ್ಟಿ ಬಿಗಿಯಬಹುದಿತ್ತು, ಆದರೆ ಬಾಣ ಎಡಕ್ಕೆ ಹೋಗುವುದು ಖಂಡಿತ. ಗೌಡರು ಆಗಲಿ ಎಂದರು. ಬೆವರಿಗೆ ಎಣ್ಣೆ ಇನ್ನಷ್ಟು ಜಾರತೊಡಗಿತು. ಕಲಿತ ಹಾಗೇ ಹೆಬ್ಬೆರಳ ಬುಡದಿಂದ ನೂಕಿ, ಬೆರಳು ಸುತ್ತಿ, ಬಿಟ್ಟೆ.

ಬಾಣ ಬಾಳೆಯ ನಟ್ಟನಡುವೆ ನಾಟಿತು. ಊರು ಹೋ ಎಂದಿತು. ಬಿಲ್ಲು ನನ್ನ ಅಂಗೈಯಲ್ಲಿ ಒಂದು ಸುತ್ತು ತಿರುಗಿ, ಬೆರಳುಗಳ ಸಂದಿಯಿಂದ ಜಾರಿ ನೆಲಕ್ಕೆ ಬಿತ್ತು. ಕೂಗು ಅರ್ಧಕ್ಕೇ ನಿಂತಿತು. ಗೌಡರು ನನ್ನ ಮುಖ ನೋಡಲಿಲ್ಲ. ದೊಡ್ಡಬಸಪ್ಪ ಬಂದು ಬಿಲ್ಲು ಎತ್ತಿಕೊಂಡು ತನ್ನ ಹೆಗಲ ವಸ್ತ್ರದಿಂದ ಅದರ ಮಣ್ಣು ಒರೆಸಿದ, ಎಣ್ಣೆಯನ್ನೂ ಒರೆಸಿದ.

ಮನೆಗೆ ಬಂದು ಒಲೆಯ ಮುಂದೆ ಕೂತೆವು. ಮಕ್ಕಳು ಹತ್ತಿರ ಬರಲಿಲ್ಲ. ಗಾಳಿಯನ್ನೂ ಗರಿಯನ್ನೂ ಖಾಲಿ ಕೊಡವನ್ನೂ ಬೈದ ಬಾಯಿ ನನ್ನದು. ಆ ಹೊತ್ತು ಅದರ ತುಂಬ ಒಂದೇ ಮಾತಿತ್ತು, ನಾಲಿಗೆಯ ತುದಿಯವರೆಗೂ ಬಂದಿತ್ತು. ಜಡೆಮ್ಮನೇ ಮೊದಲು ಮಾತಾಡಿದಳು.

“ಸುಂಕಲಮ್ಮನ ಗುಡಿಗೆ ನಡಕಂತ ಹೋಗಿ ದೀಪದ ಎಣ್ಣಿ ತಂದಿದ್ದೆ. ನೀವು ಕೈ ಇಡೋ ಜಾಗಕ್ಕ ಹಚ್ಚಿದ್ದೆ, ತಾಯಿ ನಿಮ್ಮ ಕೈ ಹಿಡೀಲಿ ಅಂತ. ಇನ್ನೊಂದೀಟು ಹಚ್ಚಬೇಕಾಗಿತ್ತೇನೋ.”

ಅವಳ ಕಣ್ಣುಗಳು ಉಪವಾಸಕ್ಕೆ ಗುಳಿಬಿದ್ದಿದ್ದವು. ನನ್ನ ಎಡಗೈಗೆ ಇನ್ನೂ ಜಿಡ್ಡು ಅಂಟಿತ್ತು. ಅದನ್ನು ಮೊಣಕಾಲ ಕೆಳಗೆ ಸರಿಸಿದೆ.

“ಎಣ್ಣಿ ಸಾಕಾಗಿತ್ತು,” ಎಂದೆ. “ನನ್ನ ಕೈ ನಡುಗಿತು.”

ಅವಳು ನಂಬಿದಳು.