ಮಲಗಿದ ಡ್ರಮ್ಮಿನಿಂದ ಕರಡಿ ಅಳೆದವನು

ಮೇ ತಿಂಗಳಲ್ಲಿ ಉತ್ತರ ಒಂಟಾರಿಯೊದ ನಮ್ಮ ಶಿಬಿರಕ್ಕೆ ಕಪ್ಪು ಕರಡಿ ಬೇಟೆಗೆ ಬರುವವರದು ಒಂದೇ ಕಾಯಿಲೆ, ಅವಸರ. ಅವರಿಗೆ ಇರುವುದು ಆರೇ ದಿನ. ರೊಸೇರ್ ಚಿಕ್ಕಪ್ಪ ದಾರಿ ತೋರಿಸುತ್ತಾನೆ, ನಾನು ಅಡುಗೆ ಮಾಡುತ್ತೇನೆ.

ಕಳೆದ ವರ್ಷ ಒಹಾಯೊದಿಂದ ವೆಂಡೆಲ್ ಮತ್ತು ಅವನ ಹೆಂಡತಿ ಮಾರ್ಲಿಸ್ ಬಂದರು. ಇಬ್ಬರಿಗೂ ಪರವಾನಗಿ ಇತ್ತು. ತಿಂಡಿಯ ಹೊತ್ತಿಗೆ ಚಿಕ್ಕಪ್ಪ ಹೇಳಿದ:

"ನೋಡಿ, ಈ ಕಾಲದಲ್ಲಿ ಮರಿ ಇರೋ ತಾಯೀನ ಹೊಡೆಯೋ ಹಾಗಿಲ್ಲ. ಒಂಟಿಯಾಗಿ ಬಂತು ಅಂತ ಗಂಡು ಅಂದ್ಕೋಬೇಡಿ. ಮರಿಗಳನ್ನ ಮರ ಹತ್ತಿಸಿ ಆಮೇಲೆ ತಿನ್ನೋಕೆ ಬರ್ತಾಳೆ. ಮೊದಲು ಮರ ನೋಡಿ."

"ಮರ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ ಮಾರಾಯ? ನಮ್ಮ ಹಿತ್ತಲಲ್ಲೇ ಇದಾವೆ! ಬೆನ್ನು ನೀವಿಡೋ ಓಟ್ಸ್ ಡ್ರಮ್ಮಿನ ಎತ್ತರಕ್ಕೆ ಬಂದ್ರೆ ಗಂಡು ಕರಡಿ. ಅಷ್ಟು ನಂಗೂ ಗೊತ್ತು" ಎಂದ ವೆಂಡೆಲ್.

"ಬಾಯಿ ಮುಚ್ಚೋದೊಂದು ಗೊತ್ತಿಲ್ಲ ನಿಂಗೆ" ಎಂದಳು ಮಾರ್ಲಿಸ್. ಎಲ್ಲರೂ ನಕ್ಕರು.

ಕರಡಿಗೆ ಆಸೆ ತೋರಿಸಲು ನಾವು ಕಾಡಿನಲ್ಲಿ ಓಟ್ಸ್ ತುಂಬಿದ ಕಬ್ಬಿಣದ ಡ್ರಮ್ಮು ಇಡುತ್ತೇವೆ. ಹಿಂದಿನ ದಿನ ಕರಡಿಗಳು ಅದನ್ನು ಉರುಳಿಸಿ ಮಲಗಿಸಿದ್ದನ್ನು ನಾನು ನೋಡಿದ್ದೆ. ಮಲಗಿದ ಡ್ರಮ್ಮಿನ ಪಕ್ಕ ಸಣ್ಣ ಕರಡಿಯೂ ದೊಡ್ಡದಾಗಿ ಕಾಣುತ್ತದೆ. ಎಲ್ಲರೂ ನಗುವಾಗ ಬಾಯಿ ತೆರೆಯಲು ನನಗೆ ನಾಚಿಕೆಯಾಯಿತು.

ಸಂಜೆ ವೆಂಡೆಲ್ ಒಬ್ಬನೇ ಡ್ರಮ್ಮಿನ ಬಳಿ ಕಾಯಲು ಹೋದ. ಗುಂಡಿನ ಸದ್ದು ಕೇಳಿ ಚಿಕ್ಕಪ್ಪ, ಮಾರ್ಲಿಸ್, ನಾನು ಮೂವರೂ ಓಡಿದೆವು.

"ಎಂಥಾ ಗಂಡು ನೋಡಿ!" ವೆಂಡೆಲ್ ಕೈ ಬೀಸಿದ.

ಚಿಕ್ಕಪ್ಪ ಕರಡಿಯನ್ನು ಮಗ್ಗುಲಿಗೆ ಹೊರಳಿಸಿದ. ಮೊಲೆತೊಟ್ಟಿನಿಂದ ಹಾಲು ಜಿನುಗುತ್ತಿತ್ತು.

ಆಗ ಮೇಲಿಂದ ಅಳು ಕೇಳಿತು. ಥೇಟ್ ಹಸುಗೂಸಿನ ಅಳು. ಪೈನ್ ಮರದ ತುದಿಯಲ್ಲಿ ಎರಡು ಮರಿಗಳು ಕೊಂಬೆ ತಬ್ಬಿಕೊಂಡಿದ್ದವು. ಮಾರ್ಲಿಸ್ ಗಂಡನತ್ತ ತಿರುಗಿದಳು.

"ಏನು ಮಾಡ್ಬಿಟ್ಟೆ ವೆಂಡೆಲ್?"

ಅವನು ಸುತ್ತಲೂ ಕಣ್ಣಾಡಿಸಿದ. "ಯಾರೂ ನೋಡಿಲ್ವಲ್ಲ…"

"ಅವೆರಡೂ ನೋಡ್ತಾ ಇದಾವಲ್ಲ!" ಮಾರ್ಲಿಸ್ ಮರದ ತುದಿಗೆ ಕೈ ತೋರಿಸಿದಳು.

ಅವನು ಬಂದೂಕು ಕೆಳಗಿಟ್ಟು, ತಾನೇ ಬೇಟೆ ಕಾವಲಿನ ಅಧಿಕಾರಿಗೆ ಫೋನು ಮಾಡಿದ. ಮರುದಿನ ಅವರು ಬಂದು ಒಂದು ಮರಿಯನ್ನು ಇಳಿಸಿ ಕೊಂಡೊಯ್ದರು. ಇನ್ನೊಂದು ಕೈಗೆ ಸಿಗದೆ ಬೇರೆ ಮರಕ್ಕೆ ಓಡಿತು. ಎರಡು ದಿನ ಅದರ ಅಳು ಅಡುಗೆಮನೆಗೂ ಕೇಳಿಸಿತು. ಮೂರನೆಯ ದಿನ ಕೇಳಿಸಲಿಲ್ಲ.

ಮಾರ್ಲಿಸ್ ತನ್ನ ಪರವಾನಗಿ ಬಳಸಲೇ ಇಲ್ಲ. "ಮುಂದಿನ ಸಲ ನೀನು ಕೂತ್ರೆ, ಪಕ್ಕದಲ್ಲಿ ಕೂತು ನಾನು ಮರ ನೋಡ್ತೀನಿ" ಎಂದ ವೆಂಡೆಲ್.

ಬೇಟೆಗೆ ಬರುವ ಅಣ್ಣಂದಿರೇ, ಅಕ್ಕಂದಿರೇ, ಡ್ರಮ್ಮು ನಿಂತಿದೆಯೋ ಮಲಗಿದೆಯೋ ನಿಮ್ಮ ಮಾರ್ಗದರ್ಶಿಯನ್ನು ಕೇಳಿ. ಕರಡಿ ಬಂದೊಡನೆ ಬಂದೂಕು ಎತ್ತಬೇಡಿ. ಕಾಯಿರಿ, ಸುತ್ತಲಿನ ಮರಗಳನ್ನು ತುದಿಯವರೆಗೆ ನೋಡಿ. ಗಂಡೋ ಹೆಣ್ಣೋ ಖಚಿತವಾಗದಿದ್ದರೆ ಬರಿಗೈಯಲ್ಲೇ ಬನ್ನಿ, ಊಟ ಬಿಸಿಯಾಗಿರುತ್ತದೆ. ಶಿಬಿರದಲ್ಲಿ ಕೆಲಸ ಮಾಡುವ ನನ್ನಂಥವರೇ, ಕಂಡದ್ದನ್ನು ಹೇಳಿಬಿಡಿ. ಯಾರು ನಕ್ಕರೂ ಸರಿ.